ಎಡಗೈಯ ಲೆಕ್ಕ

ಜೂನ್ 25, 2024, ಮಂಗಳವಾರ

ತಂಗಿಯ ಮಗಳನ್ನು ಕುಮಟಾದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ತಲೆನೋವು ಶುರುವಾಗಿ ಎಷ್ಟೋ ಕಾಲವಾಯಿತು. ಬಿ.ಎಡ್. ಓದಿನ ಭಾರಕ್ಕೆ ಕನ್ನಡಕ ಬೇಕಾಗಿರಬಹುದು ಎಂದು ಮನೆಯಲ್ಲಿ ಎಲ್ಲರ ತೀರ್ಮಾನ. ಡಾಕ್ಟರು ಔಷಧಿ ಬಿಟ್ಟು, ದೀಪ ಹಾಯಿಸಿ ಬಹಳ ಹೊತ್ತು ಕಣ್ಣೊಳಗೆ ನೋಡಿದರು. ಆಮೇಲೆ ಕೇಳಿದ್ದು ಕಣ್ಣಿನ ವಿಷಯವಲ್ಲ: "ಬಿ.ಪಿ. ಯಾವಾಗ ನೋಡಿಸಿದ್ದೆ?"

ಕಳೆದ ತಿಂಗಳು ಒಂದು ಶಿಬಿರದಲ್ಲಿ ನೋಡಿದ್ದರು, 110/70, ಚೀಟಿ ಇದೆ. ಯಾವ ಕೈ ಎಂದು ಕೇಳಿದರು. ಎಡಗೈ. ನರ್ಸ್ ಈ ಸಲ ಬಲಗೈಗೆ ಪಟ್ಟಿ ಕಟ್ಟಿದಳು. 196/112. ಮಿಷನ್ ಕೆಟ್ಟಿದೆ ಎಂದುಕೊಂಡು ಮತ್ತೊಂದು ತಂದಳು, ಅದರಲ್ಲೂ ಹಾಗೇ. ಎಡಗೈಯಲ್ಲಿ 114. ಡಾಕ್ಟರು ಎರಡೂ ಮಣಿಕಟ್ಟು ಒಟ್ಟಿಗೆ ಹಿಡಿದು ಕೂತರು. ಆಮೇಲೆ ನಾನೂ ಹಿಡಿದು ನೋಡಿದೆ, ಎಡಗಡೆಯ ನಾಡಿ ನನ್ನ ಬೆರಳಿಗೆ ಸಿಕ್ಕಲೇ ಇಲ್ಲ.

"ಅಕ್ಕೋರೇ, ಇದು ಕನ್ನಡಕದ ಕೆಲಸ ಅಲ್ಲ. ತಡ ಮಾಡಬೇಡಿ" ಎಂದು ಫಿಜಿಶಿಯನ್‌ಗೆ ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಜತೆಗಿದ್ದ ತಂಗಿಯದು ಒಂದೇ ಮಾತು: "ಇಪ್ಪತ್ಮೂರು ವರ್ಷಕ್ಕೆ ಬಿ.ಪಿ. ಬತ್ತದಾ ಅಕ್ಕಾ?" ಕೂಸು ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ತನ್ನ ಮಣಿಕಟ್ಟು ತಾನೇ ಒತ್ತಿ ನೋಡಿಕೊಳ್ಳುತ್ತಿದ್ದಳು.

ಜುಲೈ 18, ಗುರುವಾರ

ಮಳೆ ಬಿಟ್ಟಿಲ್ಲ. ಮೊನ್ನೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿದೆ. ಚಹಾದಂಗಡಿಯಲ್ಲಿದ್ದವರು, ಲಾರಿಗಳು, ಎಲ್ಲ ಗಂಗಾವಳಿ ಹೊಳೆಯ ಪಾಲು. ನಮ್ಮ ಹಿರೇಗುತ್ತಿಯಿಂದ ಅಂಕೋಲೆ ಎಂದರೆ ಪಕ್ಕದ ಮನೆ ಎಂಬ ಭಾವ. ಈಗ ಅತ್ತ ಹೋಗುವ ಹಾಗೇ ಇಲ್ಲ. ಕಾರವಾರಕ್ಕೆ ತೋರಿಸಲು ಹೋಗುವುದೆಂದಿತ್ತು, ಅದನ್ನು ಬಿಟ್ಟೆವು.

ನಮ್ಮ ಜಿಲ್ಲೆಯವರ ಪಾಲಿಗೆ ಎರಡು ಶಿರೂರು. ಇದು ಅಂಕೋಲೆಯದು. ಇನ್ನೊಂದು ಬೈಂದೂರಿನ ಕಡೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಅಲ್ಲಿನ ಟೋಲ್ ಗೇಟಿಗೆ ಬಡಿದು ನಾಲ್ವರು ಹೋದರು. ಆಗ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಊರೂರಲ್ಲಿ ಕೂಗೆದ್ದಿತು. ಹುಡುಗರ ಮೊಬೈಲಿನಲ್ಲೆಲ್ಲ ಅದೇ. ಕೂಗಿದ್ದಷ್ಟೇ ಆಯಿತು. ಇವತ್ತಿಗೂ ದೊಡ್ಡ ಕಾಯಿಲೆ ಎಂದರೆ ನಾವು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವೆಯ ಬಾಂಬೋಳಿ ಎಂದು ಜಪ ಮಾಡಬೇಕು.

ಕುಮಟಾದ ಫಿಜಿಶಿಯನ್ ಆಮ್ಲೋಡಿಪಿನ್ ಶುರು ಮಾಡಿದ್ದಾರೆ. ಹೊಟ್ಟೆಯ ಸ್ಕ್ಯಾನ್ ಆಯಿತು: ಬಲ ಕಿಡ್ನಿ 10.6 ಸೆಂ.ಮೀ., ಎಡದ್ದು 8.4. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಕಾಲು ಸೋಲುತ್ತದೆ ಎಂದು ಅವಳು ಹೇಳುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು. ನಾವು ಸೋಮಾರಿತನ ಎನ್ನುತ್ತಿದ್ದೆವು.

ಆಗಸ್ಟ್ 8, ಗುರುವಾರ

ಗೋಕರ್ಣ ರೋಡ್ ಸ್ಟೇಷನ್ನಿನಿಂದ ರೈಲು ಹತ್ತಿ ಉಡುಪಿ, ಅಲ್ಲಿಂದ ಮಣಿಪಾಲ. ಡಾಕ್ಟರು ಮೊದಲು ಸ್ಟೆತೊಸ್ಕೋಪನ್ನು ಎದೆಗಿಡದೆ ಹೊಕ್ಕುಳಿನ ಮೇಲ್ಗಡೆ ಇಟ್ಟರು, ಆಮೇಲೆ ಕತ್ತಿಗೆ. "ಸುಂಯ್ ಎಂಬ ಸದ್ದಿದೆ" ಎಂದು ಜತೆಗಿದ್ದ ಕಲಿಯುವ ಹುಡುಗರಿಗೂ ಕೇಳಿಸಿದರು. ರಕ್ತ ಇಕ್ಕಟ್ಟಿನಲ್ಲಿ ನುಗ್ಗುವಾಗ ಬರುವ ಸದ್ದಂತೆ. ಸಿ.ಟಿ. ಆಂಜಿಯೊಗ್ರಾಂ ಸಂಜೆ ಕೈಗೆ ಬಂತು. ಎಡಗೈಗೆ ಹೋಗುವ ದೊಡ್ಡ ನಾಳ ಕಿರಿದಾಗಿದೆ. ಎಡ ಕಿಡ್ನಿಯ ನಾಳವಂತೂ ಮಹಾಧಮನಿಯಿಂದ ಕವಲೊಡೆಯುವ ಜಾಗದಲ್ಲೇ ಮುಕ್ಕಾಲು ಮುಚ್ಚಿದೆ.

ಹೆಸರು ತಕಯಾಸು. ಧಮನಿಗಳ ಗೋಡೆಗೇ ಉರಿಯೂತ ಬಂದು, ದಪ್ಪವಾಗಿ, ಒಳದಾರಿ ಸಣ್ಣದಾಗುವ ಕಾಯಿಲೆ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ. ಪಶ್ಚಿಮದ ದೇಶಗಳಲ್ಲಿ ಅಪರೂಪ. ನಮ್ಮಲ್ಲಿ ಚಿಕ್ಕ ಪ್ರಾಯದವರ ಕಿಡ್ನಿ ನಾಳ ಕಿರಿದಾಗಿದ್ದರೆ ಮೊದಲು ಸಂಶಯ ಇದರ ಮೇಲೆಯೇ. 1908ರಲ್ಲಿ ಇದನ್ನು ವರ್ಣಿಸಿದ ಜಪಾನಿನ ಮಿಕಿತೊ ತಕಯಾಸು ಕಣ್ಣಿನ ಡಾಕ್ಟರು, ಒಬ್ಬ ಯುವತಿಯ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳ ವಿಚಿತ್ರ ಹೆಣಿಗೆ ಕಂಡವರು. ನಮ್ಮ ಕೂಸಿನ ಕಣ್ಣಲ್ಲಿ ಕಂಡದ್ದು ಆ ಹೆಣಿಗೆ ಅಲ್ಲ, ಬಿ.ಪಿ. ಮಾಡಿದ ಹಾನಿ. ಆದರೂ ಕಣ್ಣಿನವರೇ ಹಿಡಿದರಲ್ಲ!

ನಾಳ ಕಿರಿದಾದರೆ ರಕ್ತ ಕಡಿಮೆ ಹೋಗಬೇಕು, ಬಿ.ಪಿ. ಯಾಕೆ ಏರಬೇಕು ಎಂದು ಕೇಳಿದೆ. ಡಾಕ್ಟರು ಹೇಳಿದ್ದನ್ನು ನಾನು ನಮ್ಮ ಗದ್ದೆಗೆ ಹೊಂದಿಸಿಕೊಂಡೆ. ಕೊನೆಯ ಗದ್ದೆಯವನ ಕಾಲುವೆಗೆ ಮಣ್ಣು ಬಿದ್ದಿದೆ. ನೀರಿಲ್ಲ ಎಂದು ಅವನು ಕೂಗುತ್ತಾನೆ, ಕೂಗುವುದು ಸುಳ್ಳಲ್ಲ. ಮೇಲಿನವರು ಮಣ್ಣು ತೆಗೆಯುವ ಬದಲು ಇಡೀ ಬಯಲಿಗೆ ನೀರು ಏರಿಸುತ್ತಾರೆ. ಉಳಿದವರ ಗದ್ದೆ ಮುಳುಗುತ್ತದೆ, ಅವನು ಕೂಗುತ್ತಲೇ ಇರುತ್ತಾನೆ. ಕಿಡ್ನಿಯ ಕೂಗಿನ ಹೆಸರು ರೆನಿನ್. 1898ರಲ್ಲೇ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಅವರ ಶಿಷ್ಯ ಬರ್ಗ್‌ಮನ್ ಮೊಲದ ಕಿಡ್ನಿಯಿಂದ ತೆಗೆದು ತೋರಿಸಿದ್ದರು; ಯಾರೂ ಲಕ್ಷ್ಯ ಕೊಡಲಿಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ನಾಳಕ್ಕೆ ಬೆಳ್ಳಿಯ ಚಿಮುಟ ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ ಮೇಲೆ ಎಲ್ಲರೂ ನಂಬಿದರು. ರೆನಿನ್ ಏರಿದರೆ ರಕ್ತದಲ್ಲಿ ಆಂಜಿಯೊಟೆನ್ಸಿನ್ ತಯಾರಾಗಿ ಮೈಯ ನಾಳಗಳೆಲ್ಲ ಬಿಗಿಯುತ್ತವೆ. ಅದೇ ಇನ್ನೊಂದು ಹಾರ್ಮೋನನ್ನು ಎಬ್ಬಿಸಿ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಹಾಕಿಸುತ್ತದೆ. ಕಾಲು ಸೋತದ್ದರ ಲೆಕ್ಕವೂ ಇಲ್ಲಿಗೆ ಕೂಡಿತು.

ಎಡಗೈಯಲ್ಲಿ ಬಿ.ಪಿ. ಸರಿ ಕಂಡದ್ದು ಇನ್ನೂ ಹೆದರಿಕೆಯ ಸಂಗತಿ. ಕೈಯ ನಾಳವೂ ಕಿರಿದಾದ್ದರಿಂದ ಅಲ್ಲಿಗೆ ಒತ್ತಡ ಮುಟ್ಟುತ್ತಿರಲಿಲ್ಲ. ಶಿಬಿರದ ಮಿಷನ್ ಸರಿಯಾಗಿಯೇ ಇತ್ತು, ಚೀಟಿಯೂ ಸರಿ. ಮಿದುಳು, ಹೃದಯ, ಕಣ್ಣಿಗೆ ಮಾತ್ರ 190ರ ಮೇಲಿನ ಹೊಡೆತ.

ಆಗಸ್ಟ್ 9, ಶುಕ್ರವಾರ

ನಾಗರ ಪಂಚಮಿ. ತಂಗಿ ಹುತ್ತಕ್ಕೆ ಹಾಲೆರೆದು ಕೂಸಿನ ಹೆಸರಿನಲ್ಲಿ ಹರಕೆ ಹೇಳಿಕೊಂಡಳು. ಹಾವಿಗೆ ಋಣ ಉಂಟು ಎಂದು ನನಗೂ ಅನಿಸಿತು, ಕಾರಣ ಬೇರೆ. ಬ್ರೆಜಿಲ್‌ನ ಜರಾರಾಕ ಎಂಬ ಹಾವಿನ ವಿಷ ಅಭ್ಯಾಸ ಮಾಡಿದ್ದರಿಂದಲೇ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎನಾಲಪ್ರಿಲ್, ರಾಮಿಪ್ರಿಲ್ ಅದೇ ಕುಲ. ರೆನಿನ್ನಿನ ಸರಪಳಿಯನ್ನೇ ಮುರಿಯುವ ಮಾತ್ರೆಗಳು, ಈ ಕಾಯಿಲೆಗೆ ಹೇಳಿ ಮಾಡಿಸಿದಂತಿವೆ. ಆದರೆ ಎರಡೂ ಕಿಡ್ನಿಯ ನಾಳ ಕಿರಿದಾಗಿದ್ದರೆ, ಅಥವಾ ಇರುವ ಒಂದೇ ಕಿಡ್ನಿಯದು ಕಿರಿದಾಗಿದ್ದರೆ, ಇದೇ ಮಾತ್ರೆ ಕಿಡ್ನಿಯ ಸೋಸುವ ಕೆಲಸವನ್ನೇ ನಿಲ್ಲಿಸಿಬಿಡಬಹುದು. ಸಿ.ಟಿ. ಬರುವ ತನಕ ಡಾಕ್ಟರು ಬರೆದುಕೊಡದೆ ಇದ್ದದ್ದು ಅದಕ್ಕೇ. ಈಗ ಬಲಗಡೆ ಸರಿ ಇದೆ ಎಂದು ಸಣ್ಣ ಪ್ರಮಾಣದಲ್ಲಿ ಶುರು. ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಲೇಬೇಕು.

ಸೆಪ್ಟೆಂಬರ್ 7, ಶನಿವಾರ

ಚೌತಿ. ಮನೆ ತುಂಬ ಜನ. ಉರಿಯೂತಕ್ಕೆ ಕೊಡುತ್ತಿರುವ ಸ್ಟೀರಾಯ್ಡಿನಿಂದ ಕೂಸಿನ ಮುಖ ಊದಿದೆ. ಬಂದವರೆಲ್ಲ "ಮೈ ಕೈ ತುಂಬ್ಕಂಡದೆ, ಚಲೋ ಆತು" ಎಂದರು. ಅವಳು ನಗುತ್ತಲೇ ಒಳಗೆ ಹೋದಳು.

ಉಪ್ಪಿನ ಜಗಳ ದಿನಾ ಇದೆ. ದಿನಕ್ಕೆ 5 ಗ್ರಾಮ್, ಅಂದರೆ ಒಂದು ಚಹಾ ಚಮಚ, ಅಷ್ಟರೊಳಗೆ ಎಲ್ಲವೂ. ಸಾಣಿಕಟ್ಟಾದ ಉಪ್ಪು ಚೀಲದಲ್ಲಿ ತಂದಿಟ್ಟುಕೊಳ್ಳುವ ಮನೆ ಇದು. ಮಳೆಗಾಲಕ್ಕೆ ಒಣ ಶೆಟ್ಲಿ, ಉಪ್ಪು ಹಾಕಿದ ಮೀನು, ಗಂಜಿಯ ಬದಿಗೆ ಮಾವಿನ ಮಿಡಿ. 1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಉಪ್ಪಿಗಾಗಿ ಸರಕಾರವನ್ನೇ ಎದುರು ಹಾಕಿಕೊಂಡವರ ನೆರೆಯವರು ನಾವು; ನಮಗೆ ಉಪ್ಪು ಬಿಡಿ ಎನ್ನುವುದು ಸುಲಭವೇ? ಮಿಡಿಯ ಭರಣಿ ನನ್ನ ಮನೆಗೆ ಬಂದಿದೆ. ಅಕ್ಕ ತಿನ್ನಲಿಕ್ಕೆ ಮಾಡಿದ ಉಪಾಯ ಎಂದು ತಂಗಿಯ ಗುಮಾನಿ.

ನವೆಂಬರ್ 17, ಭಾನುವಾರ

ಮೇಲಿನ ಕೇರಿಯ ಮುದುಕರಿಗೂ ಕಿಡ್ನಿ ನಾಳ ಕಿರಿದಾಗಿದೆಯಂತೆ. ಎಪ್ಪತ್ತು ದಾಟಿದವರು, ಬೀಡಿ ಇನ್ನೂ ಬಿಟ್ಟಿಲ್ಲ. "ಕೂಸಿಗೆ ಬಲೂನ್ ಹಾಕ್ತರಂತೆ, ನಂಗೆ ಬರೀ ಮಾತ್ರೆ ಕೊಟ್ಟು ಕಳಿಸಿದ್ರು. ಬಡವ ಅಂತಲೋ ಏನೋ" ಎಂದು ಜಗಲಿಯ ಮೇಲೆ ಕೂತು ದೂರಿದರು.

ಬಡತನದ ಮಾತಲ್ಲ. ಅವರದು ಉರಿಯೂತವಲ್ಲ, ಕೊಬ್ಬು ಗಟ್ಟಿಯಾಗಿ ಅಂಟಿದ್ದು. ಪ್ರಾಯ, ಹೊಗೆ, ಸಕ್ಕರೆ ಕಾಯಿಲೆ ಜತೆಗೂಡಿ ಮಾಡುವ ಕೆಲಸ. ಲೋಕದಲ್ಲಿ ಹೆಚ್ಚಿನವರದು ಇದೇ ಬಗೆ. ಅಂಥವರಿಗೆ ಸ್ಟೆಂಟ್ ಹಾಕಿದರೆ ಲಾಭ ಎಂದು ವರ್ಷಗಟ್ಟಲೆ ಹಾಕಿದರು. ಆಮೇಲೆ 2009ರಲ್ಲಿ ಆಸ್ಟ್ರಲ್, 2014ರಲ್ಲಿ ಕೋರಲ್ ಎಂಬ ದೊಡ್ಡ ಪರೀಕ್ಷೆಗಳು ಪ್ರಕಟವಾದವು. ಕೋರಲ್‌ನಲ್ಲಿ 947 ಜನ. ಒಳ್ಳೆಯ ಮಾತ್ರೆಗಳ ಮೇಲೆ ಸ್ಟೆಂಟ್ ಸೇರಿಸಿದ್ದರಿಂದ ಹೃದಯಾಘಾತವಾಗಲಿ ಕಿಡ್ನಿ ಸೋಲುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ದಿಢೀರನೆ ಶ್ವಾಸಕೋಶದಲ್ಲಿ ನೀರು ತುಂಬುವವರು, ಯಾವ ಮಾತ್ರೆಗೂ ಬಗ್ಗದ ಬಿ.ಪಿ.ಯವರು, ಅಂಥ ಕೆಲವರಿಗೆ ಮಾತ್ರ ಈಗ ಯೋಚಿಸುತ್ತಾರೆ. ಮುದುಕರಿಗೆ ಇಷ್ಟೆಲ್ಲ ಹೇಳಿದೆ. ಕೇಳಿ ಮುಗಿಸಿ ಬೀಡಿ ಹಚ್ಚಿದರು.

ಕೂಸಿಗೂ ಬಲೂನ್ ಇನ್ನೂ ಇಲ್ಲ. ಉರಿಯೂತ ಆರದೆ ನಾಳ ಹಿಗ್ಗಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದಂತೆ. ಉರಿಯೂತದ ಅಳತೆಯಾದ ಇ.ಎಸ್.ಆರ್. ಇಳಿಯುತ್ತಿದೆ. ಸ್ಟೀರಾಯ್ಡ್ ಕಡಿಮೆ ಮಾಡಲೆಂದು ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ, ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದೇನೆ.

ಜನವರಿ 22, 2025, ಬುಧವಾರ

ಆಯಿತು. ತೊಡೆಯ ಸಂದಿಯಿಂದ ತಂತಿ ಹಾಯಿಸಿ, ಬಲೂನ್ ಉಬ್ಬಿಸಿ, ಎಡ ಕಿಡ್ನಿಯ ನಾಳ ಬಿಡಿಸಿದರು. ಸ್ಟೆಂಟ್ ಹಾಕಲಿಲ್ಲ, ಈ ಕಾಯಿಲೆಯಲ್ಲಿ ಮೊದಲು ಬಲೂನ್ ಮಾತ್ರ ಸಾಕು ಎಂದರು. ಕಾಲು ಮಡಚದೆ ಮಲಗಿರಬೇಕೆಂದು ಹೇಳಿದ್ದರು. ಅವಳು ಮಲಗಿದ್ದಲ್ಲಿಂದಲೇ ನನ್ನ ಮೊಬೈಲ್ ಕಸಿದುಕೊಂಡು ಗೆಳತಿಗೆ ಪಾಠ ಯೋಜನೆ ಹೇಳಿಕೊಡುತ್ತಿದ್ದಳು. ಬಲಗೈ ಬಿ.ಪಿ. 148/90. ತಂಗಿ ಇನ್ನು ಮಾತ್ರೆಗಳೆಲ್ಲ ಬಂದ್ ಎಂದುಕೊಂಡಿದ್ದಳು, ಹಾಗಲ್ಲ. ಸ್ವಲ್ಪ ಕಡಿಮೆಯಾಗಬಹುದು, ನಾಳ ಮತ್ತೆ ಕಿರಿದಾಗುತ್ತಿದೆಯೇ ಎಂದು ಡಾಪ್ಲರ್ ನೋಡುತ್ತಲೇ ಇರಬೇಕು. ಖರ್ಚಿನ ಲೆಕ್ಕ ಬೇರೆ ವಹಿಯಲ್ಲಿದೆ.

ಮಾರ್ಚ್ 2, ಭಾನುವಾರ

134/84. ಬಿ.ಪಿ.ಯ ಒಂದು ಮಾತ್ರೆ ಬಿಡಿಸಿದ್ದಾರೆ.

ಹೊನ್ನಾವರ ಕಡೆಯ ಸಂಬಂಧ ಬಂದಿದೆ. ಕಾಯಿಲೆಯ ಮಾತು ಎತ್ತಬಾರದು ಎಂದು ತಂಗಿಯ ಹಟ. ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ, ಆದರೆ ಮೆಥೊಟ್ರೆಕ್ಸೇಟ್ ತಿಂಗಳುಗಳ ಮೊದಲೇ ನಿಲ್ಲಿಸಬೇಕು, ಪ್ರಿಲ್ ಕುಲದ ಮಾತ್ರೆಯೂ ಬಸಿರಿನಲ್ಲಿ ಕೂಡದು ಎಂದು ಡಾಕ್ಟರು ಸ್ಪಷ್ಟ ಹೇಳಿದ್ದಾರೆ. ಇದನ್ನು ಮುಚ್ಚಿಟ್ಟು ಮದುವೆ ಮಾಡುವುದು ಹೇಗೆ? ನಾವಿಬ್ಬರು ಅಡುಗೆಮನೆಯಲ್ಲಿ ಇದೇ ತಕರಾರು ಮಾಡುತ್ತಿರುವಾಗ ಕೂಸು ಬಾಗಿಲಲ್ಲಿ ನಿಂತು, "ದೊಡ್ಡಮ್ಮಾ, ನಾ ನಿನ್ನೆಯೇ ಫೋನಿನಲ್ಲಿ ಹೇಳಾಯ್ತು" ಎಂದಳು.

ತಂಗಿ ತಲೆಯ ಮೇಲೆ ಕೈ ಹೊತ್ತಳು. ಹುಡುಗ ಏನೆಂದ ಎಂದು ನಾನೇ ಕೇಳಿದೆ. ಯಾವ ಕೈಯಲ್ಲಿ ಬಿ.ಪಿ. ನೋಡಬೇಕು ಎಂದು ವಿಚಾರಿಸಿದನಂತೆ.

ಅಷ್ಟಕ್ಕೇ ಒಪ್ಪುವವಳು ನಾನಲ್ಲ. ಆ ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಎಷ್ಟು ಜನ, ಕೇಳಿಕೊಂಡು ಬಾ ಎಂದೆ.