ಕಡಲ ಮೇಲಣ ಜಗುಲಿ

ಮಕ್ಕಳು ಚಿಕ್ಕವರಾಗಿರುವಾಗ ಸಂಸಾರಸಮೇತ ಪ್ರಯಾಣ ಹೊರಡುವುದು ಕಷ್ಟವೆಂದು ಲೋಕವೆಲ್ಲ ಹೇಳುತ್ತದೆ. ನನ್ನ ಅನುಭವವೇ ಬೇರೆ. ಚಿಕ್ಕ ಮಕ್ಕಳು ಎಲ್ಲಿ ಮಲಗಿಸಿದರೂ ಮಲಗುತ್ತವೆ. ನಾನು ಹುಡುಗನಾಗಿದ್ದಾಗ ಯಶವಂತಪುರದಲ್ಲಿ ಮೀಟರ್‌ಗೇಜ್ ಗಾಡಿಯನ್ನು ಹತ್ತಿ ಅರಸೀಕೆರೆಯ ಕಡೆಗೆ ಹೋಗುವಾಗ, ನಾವು ಐದು ಮಂದಿ ಮಕ್ಕಳು ಎರಡು ಹಲಗೆಗಳ ಮೇಲೂ ಒಂದು ಟ್ರಂಕಿನ ಮೇಲೂ ಸುಖವಾಗಿ ನಿದ್ರಿಸಿದ್ದುಂಟು. ಯಾರಿಗೆ ಯಾವ ಜಾಗವೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನಮಗೂ ತೋರಲಿಲ್ಲ. 27 ವರ್ಷದ ಮಗಳನ್ನೂ 23 ವರ್ಷದ ಮಗನನ್ನೂ ಎಲ್ಲಿ ಮಲಗಿಸಬೇಕೆಂಬ ಪ್ರಶ್ನೆ ಎದ್ದಾಗಲೇ ಮನೆಯ ಯಜಮಾನನ ನಿಜವಾದ ಕಷ್ಟ ಮೊದಲಾಗುವುದು.

ಪ್ರಶ್ನೆ ಎದ್ದ ಬಗೆಯನ್ನು ಹೇಳುತ್ತೇನೆ. ನಮ್ಮ ಮನೆಯಿರುವುದು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದಲ್ಲಿ, 30–40 ಅಡಿಯ ನಿವೇಶನದ ಮೇಲೆ. ಮಗಳು ಪುಣೆಯಲ್ಲಿ ಉದ್ಯೋಗದಲ್ಲಿದ್ದಾಳೆ. ಯುಗಾದಿಗೂ ದಸರೆಗೂ ಬಂದು ಹೋಗುತ್ತಾಳೆ. ಮಗನು ಹೆಬ್ಬಾಳದ ಸಮೀಪದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಎರಡು ವರ್ಷ ದುಡಿದು, ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟು ನಿಂತಿದ್ದನು. ಅಕ್ಟೋಬರಿನಲ್ಲಿ ಪಾಠಗಳು ಆರಂಭ. ಅದಕ್ಕೆ ಮುಂಚೆ ನಾಲ್ವರೂ ಕೂಡಿ ಒಂದು ಕಡಲಯಾನ ಮಾಡಬೇಕೆಂದು ಮಗಳು ಸೂಚಿಸಿದಳು. “ಅಮ್ಮನಿಗೆ ಬೆಳಿಗ್ಗೆ ಹೊರಗೆ ಕೂತು ಕಾಫಿ ಕುಡಿಯದಿದ್ದರೆ ಆಗುವುದಿಲ್ಲ. ಆದ್ದರಿಂದ ಬಾಲ್ಕನಿಯಿರುವ ಕೋಣೆಯೇ ಆಗಬೇಕು, ಅಪ್ಪ” ಎಂದಳು. ಈ ಮಾತಿನಲ್ಲಿ ಮನೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮುಂದಿನ ಎಲ್ಲ ಮಾತಿನಲ್ಲಿಯೂ ಇತ್ತು.

ಮೊದಲು ಹಡಗಿನ ವಿಚಾರ. ನಮ್ಮ ದೇಶದ ಬಂದರುಗಳಿಂದಲೇ ಹೊರಡುವ ‘ಎಂಪ್ರೆಸ್’ ಎಂಬ ಹಡಗನ್ನು ಕಾರ್ಡೇಲಿಯಾ ಸಂಸ್ಥೆಯವರು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ನಡೆಸಲಾರಂಭಿಸಿದರು. ಮಳೆಗಾಲದಲ್ಲಿ ಅರಬ್ಬೀ ಸಮುದ್ರವು ಕೆರಳಿರುತ್ತದೆಯಾದ ಕಾರಣ 2022ರಲ್ಲಿಯೂ 2023ರಲ್ಲಿಯೂ ಆ ತಿಂಗಳುಗಳಲ್ಲಿ ಅದು ಚೆನ್ನೈಯಿಂದ ಓಡಿತು. ಅದು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಆ ಕಾಲದಲ್ಲಿ ಕೋಣೆಗೊಂದು ಬಾಲ್ಕನಿ ಎಂಬುದು ಇನ್ನೂ ರೂಢಿಗೆ ಬಂದಿರಲಿಲ್ಲ. 1984ರಲ್ಲಿ ಯಾತ್ರೆಗಿಳಿದ ‘ರಾಯಲ್ ಪ್ರಿನ್ಸೆಸ್’ ಹಡಗಿನಲ್ಲಿ ಒಳಗೋಣೆಯೆಂಬುದೇ ಇಲ್ಲದೆ ಎಲ್ಲ ಕೋಣೆಗಳೂ ಸಮುದ್ರಕ್ಕೆ ಮುಖಮಾಡಿದ್ದುವು. ಹಲವಕ್ಕೆ ಬಾಲ್ಕನಿಯೂ ಇದ್ದಿತು. ಅದನ್ನು ಜನ ವಿಶೇಷವೆಂದು ಕೊಂಡಾಡಿದರು. ಆಮೇಲೆ ಕಟ್ಟಿದ ದೊಡ್ಡ ಹಡಗುಗಳಲ್ಲಿ ಬಾಲ್ಕನಿಯ ಕೋಣೆಗಳೇ ಹೆಚ್ಚಾದುವು. ಹೀಗಾಗಿ, ಬಾಲ್ಕನಿಯನ್ನು ಬಯಸುವವರು ಹಡಗು ಹುಟ್ಟಿದ ವರ್ಷವನ್ನು ಮೊದಲು ಕೇಳಬೇಕು. ನಮಗಿದ್ದುದು ಆಗಸ್ಟ್ ತಿಂಗಳು, ಬೇಕಾಗಿದ್ದುದು ಬಾಲ್ಕನಿ. ಯಲಹಂಕದ ನಾಡಪ್ರಭು ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣವು ನಮ್ಮ ಮನೆಯ ಕಡೆಗೇ ಇರುವುದರಿಂದ, ನಾಲ್ಕೂವರೆ ಗಂಟೆ ಹಾರಿ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಮಲಾಕ್ಕಾ ಜಲಸಂಧಿಯಲ್ಲಿ ಪಿನಾಂಗಿಗೆ ಮೂರು ರಾತ್ರಿಗಳ ಯಾನವೆಂದು ಗೊತ್ತಾಯಿತು. ಎರಡು ಕಡೆಯೂ ನೆಲವಿರುವ ಆ ಜಲಸಂಧಿಯಲ್ಲಿ ತೆರೆಗಳ ಹಾವಳಿ ಕಡಮೆ.

ಇನ್ನು ಕೋಣೆಯ ವಿಚಾರ. ನನ್ನ ಪತ್ನಿಯ ಮತವು ಸ್ಪಷ್ಟವಾಗಿದ್ದಿತು: ನಾಲ್ವರಿಗೂ ಒಂದೇ ಕೋಣೆ. ಅಂಥವು ಇಲ್ಲದೆ ಇಲ್ಲ. ಎರಡು ಮಂಚಗಳ ಜೊತೆಗೆ ಒಂದು ಸೋಫಾ ಹಾಸಿಗೆಯಾಗುತ್ತದೆ. ಇನ್ನೊಂದು ಮಂಚವು ಮಾಡಿನಿಂದ ಕೆಳಗಿಳಿಯುತ್ತದೆ. ಹಣವೂ ಉಳಿಯುತ್ತದೆ. ಹಡಗಿನವರು ಕೋಣೆಗೆ ಇಬ್ಬರಂತೆ ತಲೆಗೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. ಅದೇ ಕೋಣೆಯ ಮೂರನೆಯವರಿಗೂ ನಾಲ್ಕನೆಯವರಿಗೂ ಸಾಮಾನ್ಯವಾಗಿ ದರ ಕಡಮೆ. ಆದರೆ ಸಾಧಾರಣವಾದ ಬಾಲ್ಕನಿ ಕೋಣೆಯ ವಿಸ್ತಾರವು ಬಾಲ್ಕನಿಯೂ ಸೇರಿ 200 ಚದರಡಿಯ ಆಸುಪಾಸು. ಸ್ನಾನದ ಮನೆ ಒಂದೇ. ಮಾಡಿನ ಮಂಚದಿಂದ ರಾತ್ರಿ ಇಳಿಯುವವನು ತಂದೆಯ ಎದೆಯ ಮೇಲೆ ಕಾಲಿಡದೆ ಇಳಿಯುವುದು ಒಂದು ವಿದ್ಯೆಯೇ ಸರಿ.

ಮಗಳು ದೂರವಾಣಿಯಲ್ಲಿ ಮೆಲ್ಲಗೆ ಹೇಳಿದಳು: “ಅಮ್ಮ, ಒಂದೇ ಕೋಣೆಯಾದರೆ ನೀವು ಮೂವರೂ ಹೋಗಿಬನ್ನಿ. ನನಗೆ ರಜೆ ಸಿಕ್ಕುವುದೂ ಕಷ್ಟ.” ರಜೆಯ ಮಾತು ನೆಪವೆಂಬುದು ನಮ್ಮಿಬ್ಬರಿಗೂ ತಿಳಿಯಿತು. ಏಳು ವರ್ಷಗಳಿಂದ ತನ್ನ ಬಾಗಿಲನ್ನು ತಾನೇ ಹಾಕಿಕೊಂಡು ತಾನೇ ತೆಗೆದ ಹುಡುಗಿ ಅವಳು. ಪತ್ನಿಯು ಆ ರಾತ್ರಿ ಊಟಕ್ಕೆ ಏಳಲಿಲ್ಲ. “ನಾವು ಸಾಕಿದ ಮಕ್ಕಳಿಗೆ ನಮ್ಮ ಜೊತೆಯಲ್ಲಿ ಮೂರು ರಾತ್ರಿ ಮಲಗುವುದಕ್ಕೂ ಆಗದೆ ಹೋಯಿತೇನ್ರೀ?” ಎಂದಳು. ಮಗನು ಒಂದು ಮಧ್ಯಮಾರ್ಗವನ್ನು ತಂದನು: ಹಿರಿಯರಿಗೆ ಬಾಲ್ಕನಿಯ ಕೋಣೆ, ಎದುರಿಗೆ, ನಡುವಣ ಓಣಿಯ ಆಚೆಗೆ, ಮಕ್ಕಳಿಗೆ ಕಿಟಕಿಯಿಲ್ಲದ ಅಗ್ಗದ ಒಳಗೋಣೆ. ಅನೇಕ ಸಂಸಾರಗಳು ಹೀಗೆ ಮಾಡುವುದುಂಟು. ಚಿಕ್ಕ ಮಕ್ಕಳಿದ್ದವರಿಗೆ ಇದು ತಕ್ಕುದೂ ಹೌದು. ಆದರೆ ದೊಡ್ಡ ಮಕ್ಕಳು ಸಮುದ್ರವನ್ನು ನೋಡಬೇಕಾದಾಗಲೆಲ್ಲ ತಂದೆತಾಯಿಗಳ ಬಾಗಿಲನ್ನು ತಟ್ಟಿ ಅಪ್ಪಣೆ ಬೇಡಬೇಕು. ಮನೆಯೊಡೆಯರೂ ಬಾಡಿಗೆಯವರೂ ಕೂಡಿ ಯಾತ್ರೆ ಹೊರಟಂತಾಗುತ್ತದೆ.

ಪತ್ನಿಯ ಮನಸ್ಸನ್ನು ತಿಳಿಮಾಡಬೇಕೆಂದು ನಾನು ಒಂದು ಸಂಜೆ ಗಾಂಧೀಜಿಯವರ ಕಥೆಯನ್ನು ತೆಗೆದೆನು. 1888ರ ಸೆಪ್ಟೆಂಬರಿನಲ್ಲಿ, ಹದಿನೆಂಟು ವರ್ಷದ ಹುಡುಗನಾಗಿದ್ದಾಗ, ಅವರು ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ತ್ರ್ಯಂಬಕರಾಯ ಮಜುಮದಾರರೆಂಬ ವಯಸ್ಸಾದ, ಲೋಕ ಕಂಡ ವಕೀಲರ ಕೋಣೆಯಲ್ಲಿಯೇ ಅವರಿಗೂ ಸ್ನೇಹಿತರು ಜಾಗ ಗೊತ್ತುಮಾಡಿದ್ದರು. ಮುಳ್ಳುಚಮಚೆಗಳನ್ನು ಹಿಡಿಯಲು ಬಾರದೆ, ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಲು ನಾಚಿ, ಹುಡುಗನು ಊಟದ ಮನೆಗೇ ಹೋಗದೆ, ಊರಿನಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲಿಯೇ ತಿಂದುಕೊಂಡು ದಿನ ಕಳೆದನು. “ನೋಡು, ಒಂದೇ ಕೋಣೆಯಲ್ಲಿ ಹಿರಿಯರ ಜೊತೆ ಇದ್ದರೂ ಹುಡುಗರು ತಮ್ಮ ಸಂಕೋಚವನ್ನು ತಾವೇ ಅನುಭವಿಸಬೇಕಾಗುತ್ತದೆ” ಎಂದು ನಾನು ನಗುತ್ತ ಮುಗಿಸಿದೆನು.

ನನ್ನ ಪತ್ನಿಯು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಆ ಆತ್ಮಕಥೆಯನ್ನು ನನಗಿಂತ ಚೆನ್ನಾಗಿ ಓದಿದವಳು. ಆಕೆ ನಗಲಿಲ್ಲ. “ಅವರು 1891ರಲ್ಲಿ ಹಿಂದಿರುಗಿದಾಗ ತಾಯಿ ಇರಲಿಲ್ಲ. ಆ ಸುದ್ದಿ ಅವರಿಗೆ ತಿಳಿದದ್ದು ಊರಿಗೆ ಬಂದ ಮೇಲೆ” ಎಂದಳು.

ನಾನು ಸುಮ್ಮನಾದೆನು. ಕೋಣೆಯ ಚರ್ಚೆಯಲ್ಲಿ ಇದುವರೆಗೆ ಯಾರೂ ಆಡದಿದ್ದ ಮಾತು ಅದು. ಆಕೆಯ ಹಟವು ಹಣದ್ದಲ್ಲ, ಹಿರಿತನದ್ದಲ್ಲ. ಮಗನ ಉಸಿರಾಟ ಕೇಳಿಸುವಷ್ಟು ಹತ್ತಿರದಲ್ಲಿ ಇನ್ನು ಮೂರು ರಾತ್ರಿ ಮಲಗಬೇಕೆಂಬ ಆಸೆ. ಮಗಳ ಹಟವಾದರೂ ತಿರಸ್ಕಾರದ್ದಲ್ಲ. ದುಡಿದು ಬದುಕುವ ಹೆಣ್ಣುಮಗಳು ತಂದೆತಾಯಿಗಳೆದುರಿಗೆ ಮತ್ತೆ ಹತ್ತು ವರ್ಷದ ಕೂಸಾಗಲು ಒಪ್ಪುವುದೆಂತು? ಎರಡೂ ನ್ಯಾಯವಾದುವೇ. ಇವೆರಡಕ್ಕೂ ಒಗ್ಗುವ ಕೋಣೆಯನ್ನು ಹುಡುಕುವುದು ನನ್ನ ಪಾಲಿಗೆ ಉಳಿಯಿತು.

ಉಪಾಯವನ್ನು ತೋರಿಸಿದವರು ಪ್ರವಾಸದ ಏಜೆಂಟರ ಬಳಿಯಿದ್ದ ಹಡಗಿನ ನಕ್ಷೆ. ಅಕ್ಕಪಕ್ಕದ ಕೋಣೆಗಳಲ್ಲಿ ಎರಡು ಜಾತಿಯುಂಟು; ಕೊಳ್ಳುವವರು ಇವನ್ನು ಒಂದೆಂದು ತಿಳಿದು ಮೋಸಹೋಗುತ್ತಾರೆ. ಒಂದು ಜಾತಿಯವು ಬರಿಯ ನೆರೆಹೊರೆಯವು: ನಡುವೆ ಗೋಡೆ, ಹೋಗಿಬರಲು ಓಣಿಯೇ ದಾರಿ. ಮತ್ತೊಂದು ಜಾತಿಯವಕ್ಕೆ ನಡುಗೋಡೆಯಲ್ಲಿ ಬಾಗಿಲಿರುತ್ತದೆ. ನಕ್ಷೆಯಲ್ಲಿ ಇವನ್ನು ಚಿಕ್ಕದೊಂದು ಗುರುತಿನಿಂದ ತೋರಿಸಿರುತ್ತಾರೆ. ನಾವು ಹಿಡಿದ ಹಡಗಿನಲ್ಲಿ ಆ ಬಾಗಿಲಿಗೆ ಎರಡು ಕಡೆಯೂ ಅಗಣಿ. ಒಂದು ಕಡೆಯವರು ಮಾತ್ರ ತೆಗೆದರೆ ಅದು ತೆರೆಯದು. ಎರಡು ಕಡೆಯವರೂ ಒಪ್ಪಬೇಕು. ಇದನ್ನು ಕೇಳಿದಾಗ, ಹಡಗು ಕಟ್ಟಿದವನಿಗೂ ಬೆಳೆದ ಮಕ್ಕಳಿದ್ದಿರಬೇಕೆಂದು ನನಗೆ ತೋರಿತು. ಅಂಥ ಎರಡು ಕೋಣೆಗಳ ಬಾಲ್ಕನಿಗಳ ನಡುವಣ ತಡಿಕೆಯನ್ನು, ಹಲವು ಹಡಗುಗಳಲ್ಲಿ, ಕೇಳಿಕೊಂಡರೆ ಪರಿಚಾರಕನು ಬೀಗ ತೆಗೆದು ಮಡಿಸಿ ಕೊಡುತ್ತಾನೆ. ಆಗ ಎರಡು ಬಾಲ್ಕನಿಗಳೂ ಕೂಡಿ ಒಂದು ಉದ್ದನೆಯ ಜಗುಲಿಯಾಗುತ್ತದೆ. ಈ ಜಗುಲಿಯ ಮಾತನ್ನು ಕೇಳಿ ನನ್ನ ಪತ್ನಿಯ ಮುಖವು ಮೊದಲ ಬಾರಿಗೆ ಸಡಿಲವಾಯಿತು. ಮಗಳು “ಅಗಣಿ ನಮ್ಮ ಕಡೆಯೂ ಇರುತ್ತದೆಯೇ?” ಎಂದು ಕೇಳಿ, ಇರುತ್ತದೆಂದು ತಿಳಿದ ಮೇಲೆ ರಜೆ ಸಿಕ್ಕಿತೆಂದು ಬರೆದಳು.

ಇಂಥ ಯೋಚನೆಯಲ್ಲಿರುವ ಗೃಹಸ್ಥರಿಗೆ ಉಪಯೋಗವಾಗಲೆಂದು ನಾನು ಕಲಿತ ಇನ್ನು ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಹಡಗಿನ ಓಲಾಟವು ಎರಡು ತುದಿಗಳಲ್ಲಿಯೂ ಮೇಲಂತಸ್ತುಗಳಲ್ಲಿಯೂ ಹೆಚ್ಚು. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಣ ಅಂತಸ್ತು ಹಿರಿಯರಿಗೆ ಹಿತ. ಈಜುಕೊಳದ ಅಂತಸ್ತಿನ ನೇರ ಕೆಳಗೆ ಕೋಣೆ ಹಿಡಿದರೆ ಮುಂಜಾನೆ ಕುರ್ಚಿಗಳನ್ನು ಎಳೆಯುವ ಸದ್ದಿಗೆ ಏಳಬೇಕಾಗುತ್ತದೆ. ನಾಟಕಶಾಲೆಯ ನೇರ ಮೇಲೆ ಹಿಡಿದರೆ ನಡುರಾತ್ರಿಯವರೆಗೆ ಎಚ್ಚರವಿರಬೇಕಾಗುತ್ತದೆ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರುವ ಅಂತಸ್ತು ಮೇಲು. ಕೆಲವು ಬಾಲ್ಕನಿಗಳ ಮುಂದೆ ಜೀವರಕ್ಷಕ ದೋಣಿಗಳು ತೂಗುತ್ತಿರುತ್ತವೆ. ದರ ಕಡಮೆಯೆಂದು ಹಿಡಿದವನು ಸಮುದ್ರಕ್ಕೆ ಬದಲಾಗಿ ದೋಣಿಯ ಹೊಟ್ಟೆಯನ್ನು ನೋಡುತ್ತ ಕೂರುತ್ತಾನೆ. ‘ಕೋಣೆಯ ಸಂಖ್ಯೆಯನ್ನು ನಾವೇ ಆಮೇಲೆ ಗೊತ್ತುಮಾಡುತ್ತೇವೆ’ ಎಂಬ ಕರಾರಿನ ಮೇಲೆಯೂ ಅಗ್ಗದ ಟಿಕೇಟುಗಳುಂಟು. ಸಂಸಾರವು ಅಕ್ಕಪಕ್ಕದಲ್ಲಿರಬೇಕೆನ್ನುವವರು ಅದರ ಗೋಜಿಗೆ ಹೋಗಬಾರದು. ಅಣ್ಣತಂಗಿಯರೋ ಅಕ್ಕತಮ್ಮಂದಿರೋ ಒಂದು ಕೋಣೆಯಲ್ಲಿರುವುದಾದರೆ ಮಂಚಗಳನ್ನು ಜೋಡಿಸದೆ ಬೇರೆಬೇರೆಯಾಗಿ ಹಾಕಬೇಕೆಂದು ಮೊದಲೇ ಬರೆಯಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಕೋಣೆಯೆಂದರೆ ಹೆಚ್ಚು ಕಡಮೆ ಇಬ್ಬರ ಹಣವನ್ನೇ ತೆರಬೇಕು. ನಮ್ಮ ಮಕ್ಕಳು ಅದನ್ನು ಕೇಳಲಿಲ್ಲ.

ಎಡಮಗ್ಗುಲೋ ಬಲಮಗ್ಗುಲೋ ಎಂದು ನಾನು ಎರಡು ರಾತ್ರಿ ಭೂಪಟವನ್ನು ಹಿಡಿದು ಕುಳಿತೆನು. ಸಿಂಗಪುರದಿಂದ ವಾಯವ್ಯಕ್ಕೆ ಹೋಗುವಾಗ ಬಲಗಡೆ ಮಲಯ ದೇಶದ ಕರಾವಳಿ, ಸೂರ್ಯೋದಯ. ಎಡಗಡೆ ಸುಮಾತ್ರಾ ದ್ವೀಪದ ಕಡೆ, ಸೂರ್ಯಾಸ್ತ. ಮಗನು ನನ್ನ ಹೆಗಲ ಮೇಲಿನಿಂದ ನೋಡಿ, “ಅದೇ ದಾರಿಯಲ್ಲಿ ತಿರುಗಿ ಬರುತ್ತದಲ್ಲಪ್ಪ, ಆಗ ಎರಡೂ ಅದಲುಬದಲಾಗುತ್ತವೆ” ಎಂದನು. ಹೋದ ದಾರಿಯಲ್ಲಿಯೇ ಹಿಂದಿರುಗುವವರಿಗೆ ಮಗ್ಗುಲಿನ ಚಿಂತೆ ಬೇಡ. ಹಿಂದಿರುಗದೆ ಮುಂದೆ ಮುಂದೆ ಹೋಗುವವರಿಗೆ ಮಾತ್ರ ಅದು ಬೇಕು.

ಎರಡು ಕೋಣೆಗಳಿಗೆ ಒಂದಕ್ಕಿಂತ ಹಣ ಹೆಚ್ಚಾಯಿತು, ನಿಜ. ಹೆಚ್ಚಾದ ಪಾಲನ್ನು ಮಗಳು ತಾನು ಕೊಡುವೆನೆಂದಳು. ನಾನು ಮೊದಲು ಬೇಡವೆಂದು, ಆಮೇಲೆ ಒಪ್ಪಿದೆನು. ಅವಳ ಬಾಗಿಲಿನ ಅಗಣಿಗೆ ಅವಳೇ ಹಣ ಕೊಡುವುದು ಸರಿಯೆಂದು ಕಂಡಿತು.

ಹಡಗಿನಲ್ಲಿ ಮೊದಲ ರಾತ್ರಿ ನನ್ನ ಪತ್ನಿಯು ನಮ್ಮ ಕಡೆಯ ಅಗಣಿಯನ್ನು ತೆಗೆದಿಟ್ಟು ಮಲಗಿದಳು. ಆಚೆಯ ಅಗಣಿ ಹಾಕಿಯೇ ಇದ್ದಿತು. ಬಾಗಿಲನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡಿದುದನ್ನು ನಾನು ಕಂಡೆನು, ಕಂಡವನಂತೆ ತೋರಿಸಿಕೊಳ್ಳಲಿಲ್ಲ. ಹೊತ್ತು ಮೂಡುವ ಮೊದಲೇ ಎದ್ದಳು. ಆ ದೇಶದ ಗಡಿಯಾರದಲ್ಲಿ ಏಳು ಗಂಟೆಯಾದರೂ ಸೂರ್ಯನು ಆಗತಾನೆ ಏಳುತ್ತಾನೆ. ಊರಿನಿಂದ ತಂದ ಚಿಕ್ಕ ಕಾಫಿ ಫಿಲ್ಟರನ್ನು ಬಾಲ್ಕನಿಯ ಮೇಜಿನ ಮೇಲಿಟ್ಟುಕೊಂಡು ಕುಳಿತಳು. ಜಲಸಂಧಿಯಲ್ಲಿ ದೂರದೂರಕ್ಕೆ ಸರಕಿನ ಹಡಗುಗಳ ದೀಪಗಳು ಚಲಿಸುತ್ತಿದ್ದುವು.

ತಡಿಕೆಯನ್ನು ಹಿಂದಿನ ಸಂಜೆಯೇ ಮಡಿಸಿದ್ದರು. ಸ್ವಲ್ಪ ಹೊತ್ತಿಗೆ ಆಚೆಯ ಗಾಜಿನ ಬಾಗಿಲು ಸರಿದು ಮಗನು ಹೊರಕ್ಕೆ ಬಂದನು. ನಿದ್ರೆ ಬರಲಿಲ್ಲವೆಂದನು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ಫಿಲ್ಟರನ್ನು ತನ್ನ ಕಡೆಗೆಳೆದುಕೊಂಡು, “ಇಬ್ಬರಿಗಾದರೆ ಎಷ್ಟು ಚಮಚ ಪುಡಿ ಹಾಕಬೇಕಮ್ಮ? ನೀರು ಎಷ್ಟು ಕಾದಿರಬೇಕು?” ಎಂದು ಕೇಳಿದನು. ಆಕೆ ಹೇಳಿಕೊಟ್ಟಳು. ಪುಡಿಯನ್ನು ತೀರ ಒತ್ತಬಾರದೆಂದೂ, ಮೊದಲು ಸ್ವಲ್ಪ ನೀರು ಹಾಕಿ ನೆನೆಯಗೊಡಬೇಕೆಂದೂ, ಅವಸರಪಟ್ಟರೆ ಡಿಕಾಕ್ಷನ್ ತೆಳ್ಳಗಾಗುವುದೆಂದೂ ಹೇಳಿದಳು. ನಾನು ಒಳಗೆ ಮಲಗಿ ಎಲ್ಲವನ್ನೂ ಕೇಳುತ್ತಿದ್ದೆನು. ಬೆಳಕು ಹರಿದ ಮೇಲೆ ನಡುಗೋಡೆಯ ಅಗಣಿ ಆಚೆಯಿಂದ ಸದ್ದಾಯಿತು, ಮಗಳು ಕಣ್ಣುಜ್ಜಿಕೊಳ್ಳುತ್ತ ಬಂದು, “ನನಗಿಲ್ಲವೇ ಕಾಫಿ?” ಎಂದಳು.

ನಾಲ್ವರಿಗೆ ಒಂದೇ ಕೋಣೆ ಹಿಡಿದಿದ್ದರೆ ಮಗಳು ಬರುತ್ತಿರಲಿಲ್ಲ. ದೂರದೂರದ ಎರಡು ಹಿಡಿದಿದ್ದರೆ ಮಗನು ಆ ಕತ್ತಲೆಯಲ್ಲಿ ತಾಯಿಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಆ ಫಿಲ್ಟರು ಈಗ ಜರ್ಮನಿಯಲ್ಲಿದೆ. ಆರ್.ಟಿ. ನಗರದ ನಮ್ಮ ಮನೆಗೆ ಹೊಸದನ್ನು ಕೊಂಡಿದ್ದೇವೆ, ಇಬ್ಬರಿಗಾಗುವಷ್ಟು ಚಿಕ್ಕದು.