ಒಂದೇ ಒಂದು ಆಬ್ಜೆಕ್ಟ್

ಸಿಂಗಲ್‌ಟನ್ ಬರೆಯುವುದು ಪ್ರೋಗ್ರಾಮಿಂಗ್‌ನ ಸಣ್ಣ ಸುಖಗಳಲ್ಲೊಂದು. ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಿ ಒಂದು ಸ್ಟ್ಯಾಟಿಕ್ ಮೆಥಡ್ ಇಟ್ಟರಾಯಿತು. ಯಾರು, ಎಲ್ಲಿಂದ, ಎಷ್ಟು ಸಲ ಕೇಳಿದರೂ ಅದೇ ಆಬ್ಜೆಕ್ಟ್ ಕೈಗೆ ಬರುತ್ತದೆ. ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು 1994ರಲ್ಲಿ ಹೊರತಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ 23 ಪ್ಯಾಟರ್ನ್‌ಗಳಿವೆ. ಇಷ್ಟು ಬೇಗ ತಲೆಗೆ ಹತ್ತುವುದು ಅವುಗಳಲ್ಲಿ ಇನ್ನೊಂದಿರಲಾರದು. ಇದು ಪಡೆದ ಜನಪ್ರಿಯತೆಗೂ ಹೊತ್ತ ಅಪಕೀರ್ತಿಗೂ ಆ ಸಲೀಸುತನವೇ ಕಾರಣ.

ಬರೆಯುವವರಿಗೆ ರುಚಿ ಹತ್ತಿಸುವುದು ಇದರೊಳಗಿನ ತೊಡಕು. ಆಬ್ಜೆಕ್ಟ್ ಮೊದಲ ಸಲ ಕೇಳಿದಾಗಲೇ ಹುಟ್ಟಲಿ ಎಂದರೆ, ಎರಡು ಥ್ರೆಡ್‌ಗಳು ಒಟ್ಟಿಗೇ ಕೇಳಿ ಎರಡು ಹುಟ್ಟಿಬಿಡಬಹುದು. ಪ್ರತಿ ಸಲ ಲಾಕ್ ಹಾಕುವುದು ದುಬಾರಿಯೆಂದು ಜಾವಾದಲ್ಲಿ ‘ಡಬಲ್ ಚೆಕ್ಡ್ ಲಾಕಿಂಗ್’ ಹಬ್ಬಿತು: ಲಾಕಿಗೆ ಮುಂಚೆ ಒಮ್ಮೆ, ಲಾಕ್ ಸಿಕ್ಕ ಮೇಲೆ ಇನ್ನೊಮ್ಮೆ ಪರೀಕ್ಷೆ. ನೋಡಲು ಬಲು ಚೆಂದ. ಆದರೆ ಆಗಿನ ಮೆಮೊರಿ ಮಾಡೆಲ್‌ನಲ್ಲಿ ಅರೆಬೆಂದ ಆಬ್ಜೆಕ್ಟ್ ಬೇರೆ ಥ್ರೆಡ್ಡಿನ ಕಣ್ಣಿಗೆ ಬೀಳುವ ಅಪಾಯವಿತ್ತು. 2004ರಲ್ಲಿ ಜಾವಾ 5 ಬಂದು ‘ವೊಲಟೈಲ್’ ನಿಯಮ ಬಿಗಿಯಾದ ಮೇಲಷ್ಟೇ, ಆ ಪದವನ್ನು ಸೇರಿಸಿ ಬರೆದರೆ, ಉಪಾಯ ನೆಟ್ಟಗಾಯಿತು. ಈಗ ಕಾಟ್ಲಿನ್‌ನಲ್ಲಿ ‘ಆಬ್ಜೆಕ್ಟ್’ ಎಂದು ಬರೆದರೆ ಮುಗಿಯಿತು. ಅನುಕೂಲವೇನೋ ಹೌದು, ಸ್ವಾರಸ್ಯ ಮಾತ್ರ ಹೋಯಿತು.

ಒಂದು ಸಾಕು ಎನ್ನುವುದೇ ಬೇರೆ, ಎರಡನೆಯದು ಇರಲೇಕೂಡದು ಎನ್ನುವುದೇ ಬೇರೆ. ಸಿಂಗಲ್‌ಟನ್ ಇವೆರಡನ್ನೂ ಬೆಸೆಯುತ್ತದೆ. ಜತೆಗೆ ‘ಎಲ್ಲಿಂದ ಬೇಕಾದರೂ ಕೈಹಾಕಬಹುದು’ ಎಂಬ ಮೂರನೆಯದನ್ನೂ ಗಂಟುಹಾಕುತ್ತದೆ. ಕೇಡು ಹೆಚ್ಚಾಗಿ ಬರುವುದು ಈ ಮೂರನೆಯದರಿಂದ. ಬಿಲ್ಲಿಂಗ್ ಕ್ಲಾಸ್ ಒಳಗೊಳಗೇ ಡೇಟಾಬೇಸ್ ಸಿಂಗಲ್‌ಟನ್ನನ್ನು ಕರೆಯುತ್ತಿದ್ದರೆ ಅದರ ಕನ್‌ಸ್ಟ್ರಕ್ಟರ್ ನೋಡಿದವರಿಗೆ ಸುಳಿವೇ ಸಿಗದು. ಟೆಸ್ಟ್ ಬರೆಯುವಾಗ ನಕಲಿ ಡೇಟಾಬೇಸ್ ತೂರಿಸಲು ಕಿಂಡಿಯಿಲ್ಲ. ಒಂದು ಟೆಸ್ಟ್ ಬಿಟ್ಟುಹೋದ ಮೌಲ್ಯ ಮುಂದಿನದನ್ನು ಕೆಡಿಸಿ, ಬಿಡಿಯಾಗಿ ಪಾಸಾದದ್ದು ಸಾಲಿನಲ್ಲಿ ಫೇಲಾಗುತ್ತದೆ. ಮುಂದೊಮ್ಮೆ ವರದಿಗಳಿಗೆಂದು ಎರಡನೆಯ ಡೇಟಾಬೇಸ್ ಬೇಕಾದರಂತೂ ಕೋಡ್ ತುಂಬ ಅಗೆತ. ಗಾಮಾ ಅವರೇ 2009ರ ಸಂದರ್ಶನವೊಂದರಲ್ಲಿ ಸಿಂಗಲ್‌ಟನ್ನನ್ನು ಪಟ್ಟಿಯಿಂದ ಕೈಬಿಡುವುದೇ ಒಳಿತೆಂದರು.

ಹಾಗಾಗಿ ಆಬ್ಜೆಕ್ಟನ್ನು ಪ್ರೋಗ್ರಾಮಿನ ಬಾಗಿಲಲ್ಲೇ ಒಂದು ಸಲ ಕಟ್ಟಿ, ಬೇಕಾದವರ ಕನ್‌ಸ್ಟ್ರಕ್ಟರಿಗೆ ದಾಟಿಸುವುದು ಮೇಲು. ಸ್ಪ್ರಿಂಗ್ ಫ್ರೇಮ್‌ವರ್ಕ್ ಮಾಡುವುದೂ ಇದನ್ನೇ. ಬೇರೆ ಸೂಚನೆ ಇಲ್ಲದಿದ್ದರೆ ಅದು ಪ್ರತಿ ಕಂಟೇನರಿನಲ್ಲಿ ಒಂದೊಂದು ಬೀನ್‌ಗೂ ಒಂದೇ ಆಬ್ಜೆಕ್ಟ್ ಇಡುತ್ತದೆ. ಆ ಸಂಗತಿ ಕ್ಲಾಸಿಗೆ ಗೊತ್ತೇ ಇರುವುದಿಲ್ಲ. ನಿಜವಾದ ಸಿಂಗಲ್‌ಟನ್ ಒಪ್ಪುವ ಜಾಗಗಳು ಕೆಲವೇ: ಜಾವಾದ ‘ರನ್‌ಟೈಮ್’ನಂತೆ ಪ್ರೋಸೆಸ್‌ಗೇ ಒಂದೇ ಇರುವಂಥದ್ದು, ಬದಲಾಗುವ ಸ್ಥಿತಿಯೇ ಇಲ್ಲದ್ದು, ಮತ್ತು ಪ್ರೋಗ್ರಾಮಿನ ಲೆಕ್ಕಾಚಾರ ಎಂದೂ ತಿರುಗಿ ಓದದ ಲಾಗರ್.