ಮಾಸ್ತರರ ಎಡಗೈ ಹುಡುಕಿದ್ದು

ನಮ್ಮೂರ ಸಣ್ಣಾಟದ ಪೇಟಿ ಮಾಸ್ತರರ ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದಿತ್ತು. ಹಾಡುಗಳ ಮಟ್ಟುಗಳು ಇರುವುದು ಅವರ ಬೆರಳಲ್ಲಿ ಮಾತ್ರ. ವಯಸ್ಸು ಎಂಬತ್ತರ ಹತ್ತಿರ. ಗೆಳೆಯನ ಹಳೇ ಮಿಡಿ ಕೀಬೋರ್ಡ್ ತಂದು, ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅವರ ಪಡಸಾಲೆಯಲ್ಲಿ ಕೂತೆವು.

ನಮ್ಮ ದಡ್ಡತನ ಮೊದಲೇ ಹೇಳಿಬಿಡುತ್ತೇವೆ. ಆ ವೈರಿನಲ್ಲಿ ಸಂಗೀತ ಹರಿಯುತ್ತದೆ ಅಂದುಕೊಂಡಿದ್ದೆವು. ಮನೆಗೆ ಬಂದು ಫೈಲು ತೆರೆದರೆ ಪಿಯಾನೋ ನುಡಿಯಿತು! 1983ರಲ್ಲಿ ಬಂದ ಈ ಮಿಡಿ ಪದ್ಧತಿಯಲ್ಲಿ ದನಿಯೇ ಇಲ್ಲ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು, ಇಷ್ಟೇ ಸುದ್ದಿ. ದನಿ ಕೊಡುವುದು ಸಾಫ್ಟ್‌ವೇರ್. ಮಿಡಿಯ ಸಾಮಾನ್ಯ ಪಟ್ಟಿಯಲ್ಲಿ 128 ದನಿಗಳಿವೆ; ಸಿತಾರ್ ಇದೆ, ಶಹನಾಯಿ ಇದೆ, ನಮ್ಮ ಪೇಟಿ ಇಲ್ಲ. ರೀಡ್ ಆರ್ಗನ್ ಆರಿಸಿದೆವು.

ಒತ್ತಿದ್ದು ತಡವಾಗಿ ಕೇಳುತ್ತಿತ್ತು. ಬಫರ್ 1024ರಿಂದ 128ಕ್ಕೆ ಇಳಿಸಿದಾಗ ಸರಿಹೋಯಿತು.

ಸರಿಹೋಗದಿದ್ದದ್ದು ಬೇರೆ. ಒಂದು ಸ್ವರ ಕೂಗುತ್ತಿತ್ತು, ಇನ್ನೊಂದು ಪಿಸುಗುಟ್ಟುತ್ತಿತ್ತು. ಪೇಟಿಯಲ್ಲಿ ಕೀ ಎಷ್ಟು ಜೋರಾಗಿ ಒತ್ತಿದರೂ ದನಿ ಏರುವುದಿಲ್ಲ, ಏರಿಸುವುದು ಗಾಳಿ. ಈ ಕೀಬೋರ್ಡ್ ಮಾತ್ರ ಪ್ರತಿ ಒತ್ತನ್ನೂ 127ರವರೆಗೆ ಅಳೆಯುತ್ತದೆ. ಮಾಸ್ತರರ ಎಡಗೈ ಸುಮ್ಮನೆ ಗಾಳಿಯಲ್ಲಿ ಆಡುತ್ತಿತ್ತು.

“ತಿದಿ ಎಲ್ಲೈತೋ ತಮ್ಮಾ?” ಅಂದರು.

ನಮ್ಮಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಎಲ್ಲ ಒತ್ತುಗಳನ್ನೂ ಒಂದೇ ಅಳತೆಗೆ ತಂದೆವು. ಕೀಬೋರ್ಡಿನ ಎಡತುದಿಯಲ್ಲಿ ಮಾಡ್ಯುಲೇಶನ್ ಚಕ್ರ ಅಂತ ಇರುತ್ತದೆ. ಅದನ್ನು ದನಿಯ ಏರಿಳಿತಕ್ಕೆ ಕಟ್ಟಿದೆವು: ಮೇಲೆ ತಳ್ಳಿದರೆ ಜೋರು, ಕೆಳಗೆಳೆದರೆ ಮೆಲ್ಲಗೆ.

ಮರುದಿನ ಮಾಸ್ತರರು ಹೆಬ್ಬೆರಳಿಟ್ಟು ನೋಡಿದರು. ಎರಡು ಹಾಡು ನುಡಿಸುವಷ್ಟರಲ್ಲಿ ಕೈ ಒಗ್ಗಿತು. “ಇದರ ಉಸಿರು ಮುಗಿಯೂದ ಇಲ್ಲಲ್ಲೋ” ಅಂದರು. ಮೆಚ್ಚಿಕೆಯೋ ದೂರೋ ತಿಳಿಯಲಿಲ್ಲ. ಪೇಟಿಯವರು ಗಾಳಿ ತುಂಬಿಕೊಳ್ಳಲು ನಿಲ್ಲುವ ಆ ಚೂರು ಹೊತ್ತಿನಲ್ಲೇ ಪಾತ್ರಧಾರಿ ಮಾತು ಎತ್ತಿಕೊಳ್ಳುತ್ತಿದ್ದನಂತೆ.

ಫೋನಿನಲ್ಲೇ ರೆಕಾರ್ಡ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹರಿದ ತಿದಿಯ ಪೇಟಿಯಲ್ಲಿ ಬುಸ್ ಎನ್ನುವುದೇ ಹೆಚ್ಚು. ಮಿಡಿಯಾದರೆ ವೇಗ ಅರ್ಧಕ್ಕಿಳಿಸಿದರೂ ಶ್ರುತಿ ಕೆಡುವುದಿಲ್ಲ. ಯಾವ ಕೀ ಎಂದು ತೆರೆಯ ಮೇಲೇ ಕಾಣುತ್ತದೆ. ಕಲಿಯುವ ಹುಡುಗರಿಗೆ ಅದು ಬೇಕು.

ಹನ್ನೊಂದು ಮಟ್ಟು ಆಗಿವೆ. ಉಳಿದವಕ್ಕೆ ಐತವಾರ ಬರಲು ಹೇಳಿದ್ದಾರೆ, ತಿದಿ ಹೊಲಿಯುವವರು ಸಿಕ್ಕರೆ ಕರೆದುಕೊಂಡು.